ನೋಡ್‌ನಲ್ಲಿ ಎನ್‌ಕ್ರಿಪ್ಟ್ ಆದದ್ದು ಬ್ರೌಸರಿನಲ್ಲಿ ಬಿಚ್ಚಿಕೊಳ್ಳುತ್ತಿಲ್ಲ: ಟೈಪ್‌ಸ್ಕ್ರಿಪ್ಟ್ ಕ್ರಿಪ್ಟೊ ಲೈಬ್ರರಿಯ ಬಿಲ್ಡ್ ಮತ್ತು ಟೆಸ್ಟ್

ತಿರುಗುಣಿ (ಪ್ರಶ್ನೆ):

ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದ ಒಂದು ಸಣ್ಣ ಲೈಬ್ರರಿ. ಕೆಲಸ ಮೂರೇ: ಪಾಸ್‌ವರ್ಡ್‌ನಿಂದ ಪಿಬಿಕೆಡಿಎಫ್2 (ಪಾಸ್‌ವರ್ಡನ್ನು ಸುತ್ತು ಸುತ್ತಾಗಿ ಹ್ಯಾಶ್ ಮಾಡಿ ಕೀ ಹುಟ್ಟಿಸುವ ವಿಧಾನ) ಮೂಲಕ ಕೀ ತೆಗೆಯುವುದು, ಆ ಕೀ ಬಳಸಿ ಎಇಎಸ್-256-ಜಿಸಿಎಂ (ತಿದ್ದಿದರೆ ಪತ್ತೆಹಚ್ಚುವ ‘ಟ್ಯಾಗ್’ ಕೂಡ ಕೊಡುವ ವಿಧಾನ) ಎನ್‌ಕ್ರಿಪ್ಟ್ ಮಾಡುವುದು, ಪಿ-256 ಕೀಯಲ್ಲಿ ಇಸಿಡಿಎಸ್‌ಎ ಸಹಿ ಹಾಕುವುದು. ಸರ್ವರ್ ಕಡೆಗೆ ನೋಡ್‌ನ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ‘ನೋಡ್:ಕ್ರಿಪ್ಟೊ’ ಬಳಸುವ ಒಂದು ಫೈಲ್, ಬ್ರೌಸರ್ ಕಡೆಗೆ ಬ್ರೌಸರಿನದೇ ಎಪಿಐ ಆದ ವೆಬ್ ಕ್ರಿಪ್ಟೊ (‘ಕ್ರಿಪ್ಟೊ.ಸಟಲ್’) ಬಳಸುವ ಇನ್ನೊಂದು ಫೈಲ್. ಪ್ಯಾಕೇಜ್.ಜೇಸನ್‌ನ ‘ಎಕ್ಸ್‌ಪೋರ್ಟ್ಸ್’ನಲ್ಲಿ ‘ನೋಡ್’, ‘ಬ್ರೌಸರ್’ ಎಂದು ದಾರಿ ಬೇರೆ ಮಾಡಲಾಗಿದೆ. ಟೆಸ್ಟ್‌ಗಳು ಜೆಸ್ಟ್‌ನಲ್ಲಿ, ಬ್ರೌಸರ್ ಭಾಗಕ್ಕೆ ಜೆಎಸ್‌ಡಾಮ್ (ನೋಡ್ ಒಳಗೇ ಓಡುವ ಬ್ರೌಸರಿನ ಅನುಕರಣೆ).

ಆಯಾ ಕಡೆಯೊಳಗೆ ಎಲ್ಲ ಸರಿ. ಎರಡು ಕಡೆ ಮಾತಾಡಿದ ಕೂಡಲೇ ಹೀಗೆ:

1. ಸರ್ವರಿನಲ್ಲಿ ಎನ್‌ಕ್ರಿಪ್ಟ್ ಆದದ್ದನ್ನು ಬ್ರೌಸರಿನಲ್ಲಿ ಬಿಚ್ಚಲು ಹೋದರೆ ‘ಆಪರೇಷನ್‌ಎರರ್’. ಸಂದೇಶದ ಜಾಗ ಖಾಲಿ.
2. ಸರ್ವರ್ ಹಾಕಿದ ಸಹಿಗೆ ಬ್ರೌಸರಿನ ‘ವೆರಿಫೈ’ ಯಾವಾಗಲೂ ‘ಫಾಲ್ಸ್’. ಡಿಇಆರ್ (ನೋಡ್ ಸಹಿಯನ್ನು ಕಟ್ಟಿಕೊಡುವ, ಉದ್ದ ಬದಲಾಗುವ ರೂಪ) ಬಿಚ್ಚುವ ಸಣ್ಣ ಫಂಕ್ಷನ್ ಸೇರಿಸಿದ ಮೇಲೆ ಹೆಚ್ಚಿನವು ಪಾಸ್, ಆದರೆ ನೂರಿನ್ನೂರರಲ್ಲಿ ಒಂದೆರಡು ಫೇಲ್.
3. ಕೆಲವು ಪಾಸ್‌ವರ್ಡ್‌ಗಳಿಗೆ ಮಾತ್ರ ಎರಡು ಕಡೆ ಬೇರೆ ಬೇರೆ ಕೀ ಬರುತ್ತದೆ.
4. ಜೆಎಸ್‌ಡಾಮ್‌ನಲ್ಲಿ ‘ಇದು ಯೂಇಂಟ್8ಅರೇ (ಬೈಟ್‌ಗಳ ಅರೇ) ಅಲ್ಲ’ ಎಂದು ಲೈಬ್ರರಿಯ ಸ್ವಂತ ತಪಾಸಣೆಯೇ ಎರರ್ ಎಸೆಯುತ್ತದೆ, ಕೊಟ್ಟದ್ದು ಯೂಇಂಟ್8ಅರೇಯೇ.
5. ಲೋಕಲ್‌ಹೋಸ್ಟ್‌ನಲ್ಲಿ ಓಡುವ ಪುಟ, ಅದೇ ವೈಫೈನಲ್ಲಿರುವ ಫೋನಿನಲ್ಲಿ ತೆರೆದರೆ ‘ಕ್ರಿಪ್ಟೊ.ಸಟಲ್’ ಅನ್‌ಡಿಫೈನ್ಡ್.

ಒಂದೊಂದಕ್ಕೂ ತೇಪೆ ಹಾಕುತ್ತಾ ಹೋಗುವುದಕ್ಕಿಂತ ರಚನೆಯನ್ನೇ ಬದಲಿಸುವುದು ಒಳ್ಳೆಯದೇ? ಬದಲಿಸಿದರೆ ಎರಡೂ ಕಡೆ ಸರಿ ಇದೆ ಎಂದು ಸಾಬೀತು ಮಾಡುವ ಟೆಸ್ಟ್ ಹೇಗಿರಬೇಕು?

---

ಬೈಟ್‌ಬಾವಿ:

ರಚನೆ ಬದಲಿಸಿ. ನೋಡ್ 20ರಿಂದ ಮೇಲಿರುವ ಎಲ್ಲದರಲ್ಲೂ ‘ಗ್ಲೋಬಲ್‌ದಿಸ್.ಕ್ರಿಪ್ಟೊ’ ಬ್ರೌಸರಿನಲ್ಲಿರುವ ಹಾಗೆಯೇ ಸಿಗುತ್ತದೆ. ಫ್ಲ್ಯಾಗ್ ಇಲ್ಲದೆ ಅದು ಬಂದದ್ದು ನೋಡ್ 19ರಲ್ಲಿ. 18ರಲ್ಲಿ ಬೇಕಿದ್ದರೆ ‘ನೋಡ್:ಕ್ರಿಪ್ಟೊ’ ಒಳಗಿನ ‘ವೆಬ್‌ಕ್ರಿಪ್ಟೊ’ ಆಬ್ಜೆಕ್ಟನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಅಂದರೆ ನಿಮ್ಮ ಎರಡು ಫೈಲ್ ಒಂದಾಗುತ್ತದೆ, ‘ಎಕ್ಸ್‌ಪೋರ್ಟ್ಸ್’ನ ಕವಲುಗಳೂ ಬೇಕಾಗುವುದಿಲ್ಲ. ‘ವಿಂಡೋ.ಕ್ರಿಪ್ಟೊ’ ಎಂದು ಮಾತ್ರ ಎಲ್ಲೂ ಬರೆಯಬೇಡಿ, ವರ್ಕರ್ ಒಳಗೆ ವಿಂಡೋ ಇರುವುದಿಲ್ಲ.

ಹಾಗಂತ ನಿಮ್ಮ ತೊಂದರೆ ಬರೀ ಎಪಿಐ ಎರಡಿರುವುದರಿಂದ ಬಂದದ್ದಲ್ಲ. ಬೈಟ್‌ಗಳ ಜೋಡಣೆ ಎಲ್ಲೂ ಬರೆದಿಟ್ಟಿಲ್ಲ ಎಂಬುದೇ ಮೂಲ. ಒಂದೊಂದಾಗಿ ನೋಡೋಣ.

ಜಿಸಿಎಂ: ವೆಬ್ ಕ್ರಿಪ್ಟೊದ ‘ಎನ್‌ಕ್ರಿಪ್ಟ್’ ಸೈಫರ್‌ಟೆಕ್ಸ್ಟ್‌ನ ಬಾಲಕ್ಕೆ 16 ಬೈಟ್ ಟ್ಯಾಗ್ ಅಂಟಿಸಿ ಒಂದೇ ತುಂಡಾಗಿ ಕೊಡುತ್ತದೆ. ‘ಡಿಕ್ರಿಪ್ಟ್’ಗೂ ಅದೇ ಜೋಡಣೆ ಬೇಕು. ನೋಡ್‌ನ ‘ಕ್ರಿಯೇಟ್‌ಸೈಫರ್‌ಐವಿ’ಯಲ್ಲಿ ಟ್ಯಾಗ್ ಬೇರೆ, ‘ಗೆಟ್‌ಆಥ್‌ಟ್ಯಾಗ್’ ಕರೆದು ತೆಗೆದುಕೊಳ್ಳಬೇಕು. ನಿಮ್ಮ ಸರ್ವರ್ ಫೈಲ್ ಅದನ್ನು ಮುಂದೆ ಇಡುತ್ತಿದೆ, ಅಥವಾ ಬೇರೆ ಫೀಲ್ಡ್‌ನಲ್ಲಿ ಕಳಿಸುತ್ತಿದೆ. ಬ್ರೌಸರಿನಲ್ಲಿ ಸಂದೇಶ ಖಾಲಿ ಇರುವುದು ಬೇಕೆಂದೇ ಮಾಡಿದ್ದು: ಕೀ ತಪ್ಪೋ, ಟ್ಯಾಗ್ ತಪ್ಪೋ ಹೊರಗಿನವರಿಗೆ ಗೊತ್ತಾಗಬಾರದು. ನಿಮ್ಮ ಲೈಬ್ರರಿಯೂ ‘ಬಿಚ್ಚಲಾಗಲಿಲ್ಲ’ ಎಂಬ ಒಂದೇ ಎರರ್ ಎಸೆಯಲಿ.

ಇನ್ನೊಂದು, ಇದು ಬರೀ ಹೊಂದಾಣಿಕೆಯ ಮಾತಲ್ಲ, ಭದ್ರತೆಯ ತೂತು. ‘ಕ್ರಿಯೇಟ್‌ಡಿಸೈಫರ್‌ಐವಿ’ ಬಳಸುವಾಗ ‘ಆಥ್‌ಟ್ಯಾಗ್‌ಲೆಂಗ್ತ್: 16’ ಎಂದು ಹೇಳದಿದ್ದರೆ, 4 ಬೈಟ್‌ಗೆ ಕತ್ತರಿಸಿದ ಟ್ಯಾಗನ್ನೂ ಅದು ಒಪ್ಪಿಕೊಂಡುಬಿಡಬಹುದು. ಆಗ ನಕಲಿ ಮಾಡುವವನಿಗೆ 128 ಬಿಟ್ ಬದಲು 32 ಬಿಟ್ ಊಹಿಸಿದರೆ ಸಾಕು. ಹೊಸ ನೋಡ್‌ಗಳು ಇದಕ್ಕೆ ಎಚ್ಚರಿಕೆ ಕೊಡುತ್ತವೆ. ಹಳೆಯ ಕೋಡ್ ಇನ್ನೂ ಸರ್ವರಿನಲ್ಲಿ ಓಡುತ್ತಿದ್ದರೆ ಇವತ್ತೇ ನೋಡಿ. ಜೊತೆಗೆ, ‘ಅಪ್‌ಡೇಟ್’ ಕೊಡುವ ಪ್ಲೇನ್‌ಟೆಕ್ಸ್ಟ್ ಇನ್ನೂ ತಪಾಸಣೆಯಾಗದ್ದು. ‘ಫೈನಲ್’ ಎಸೆಯದೆ ಮುಗಿದ ಮೇಲಷ್ಟೇ ಅದನ್ನು ಹೊರಗೆ ಬಿಡಬೇಕು.

ಸಹಿ: ನೋಡ್‌ನ ‘ಸೈನ್’ ಇಸಿಡಿಎಸ್‌ಎಗೆ ಡಿಇಆರ್ ಕೊಡುತ್ತದೆ, ಉದ್ದ ಸಾಮಾನ್ಯವಾಗಿ 70ರಿಂದ 72 ಬೈಟ್. ವೆಬ್ ಕ್ರಿಪ್ಟೊಗೆ ಬೇಕಾದದ್ದು ಸಹಿಯೊಳಗಿನ ಎರಡು ಸಂಖ್ಯೆಗಳಾದ ಆರ್ ಮತ್ತು ಎಸ್ ಎರಡನ್ನೂ 32 ಬೈಟ್‌ನಂತೆ ಪಕ್ಕಪಕ್ಕ ಇಟ್ಟ 64 ಬೈಟ್. ನೂರಿನ್ನೂರರಲ್ಲಿ ಒಂದೆರಡು ಯಾಕೆ ಬೀಳುತ್ತವೆ ಎಂದರೆ, ನಿಮ್ಮ ಫಂಕ್ಷನ್ ಎದುರಿನ ಸೊನ್ನೆ ಬೈಟ್ ಕಿತ್ತುಹಾಕುತ್ತಿದೆ, ಆದರೆ 32ಕ್ಕೆ ಕಡಿಮೆ ಬಿದ್ದಾಗ ಎಡಕ್ಕೆ ಸೊನ್ನೆ ತುಂಬುತ್ತಿಲ್ಲ. ಆರ್‌ನ ಮೊದಲ ಬೈಟ್ ಸೊನ್ನೆಯಾಗುವ ಸಂಭವ 256ರಲ್ಲಿ 1, ಎಸ್‌ಗೂ ಅಷ್ಟೇ. ಒಟ್ಟಿಗೆ ಸುಮಾರು 128ರಲ್ಲಿ 1. ನೀವು ಕಂಡ ಲೆಕ್ಕ ಅದೇ. ಆ ಫಂಕ್ಷನ್ ಕಿತ್ತುಹಾಕಿ ‘ಡಿಎಸ್‌ಎಎನ್‌ಕೋಡಿಂಗ್’ಗೆ ‘ಐಇಇಇ-ಪಿ1363’ ಎಂದು ಕೊಟ್ಟರೆ ನೋಡ್ ತಾನೇ 64 ಬೈಟ್ ಕೊಡುತ್ತದೆ. ಪೂರ್ತಿ ವೆಬ್ ಕ್ರಿಪ್ಟೊಗೆ ಹೋದರೆ ಅದೂ ಬೇಡ.

ಮುಂದೆ ಆರ್‌ಎಸ್‌ಎ ಸೇರಿಸುವ ಯೋಚನೆ ಇದ್ದರೆ ಅಲ್ಲೂ ಎರಡು ಗುಂಡಿ ಇವೆ. ಪಿಎಸ್‌ಎಸ್ (ಆರ್‌ಎಸ್‌ಎ ಸಹಿಯ ಒಂದು ಮಾದರಿ) ಸಹಿಗೆ ನೋಡ್‌ನ ಹಳೆಯ ಎಪಿಐ ಸಾಲ್ಟ್ (ಬೆರೆಸುವ ಯಾದೃಚ್ಛಿಕ ಬೈಟ್‌ಗಳು) ಉದ್ದ ಹೇಳದಿದ್ದರೆ ಗರಿಷ್ಠ ತೆಗೆದುಕೊಳ್ಳುತ್ತದೆ. 2048 ಬಿಟ್ (256 ಬೈಟ್) ಕೀ, ಶಾ-256 (32 ಬೈಟ್) ಆದರೆ 256 - 32 - 2 = 222 ಬೈಟ್. ಬ್ರೌಸರಿನಲ್ಲಿ ‘ಸಾಲ್ಟ್‌ಲೆಂಗ್ತ್: 32’ ಎಂದಿದ್ದರೆ ಎಂದೂ ಹೊಂದುವುದಿಲ್ಲ. ಒಎಇಪಿಯಲ್ಲಿ (ಆರ್‌ಎಸ್‌ಎ ಎನ್‌ಕ್ರಿಪ್ಟ್ ಮಾಡುವ ಮಾದರಿ) ಹ್ಯಾಶ್ ಹೇಳದಿದ್ದರೆ ನೋಡ್ ಶಾ-1 ಹಿಡಿಯುತ್ತದೆ, ಬ್ರೌಸರಿನಲ್ಲಿ ಕೀ ಇಂಪೋರ್ಟ್ ಮಾಡುವಾಗ ಹೇಳಿದ ಹ್ಯಾಶ್. ಡೀಫಾಲ್ಟ್ ನಂಬಿ ಬರೆದ ಸಾಲು ಯಾವುದೇ ಇದ್ದರೂ ಒಂದು ದಿನ ಕೈಕೊಡುತ್ತದೆ.

ಕೀ ಬೇರೆಯಾಗುವುದು: ಎರಡು ಕಾರಣ ಇರಬಹುದು. ಮೊದಲನೆಯದು ಅಳತೆ. ನೋಡ್‌ನ ‘ಪಿಬಿಕೆಡಿಎಫ್2’ ಉದ್ದವನ್ನು ಬೈಟ್‌ನಲ್ಲಿ ಕೇಳುತ್ತದೆ, ವೆಬ್ ಕ್ರಿಪ್ಟೊದ ‘ಡಿರೈವ್‌ಬಿಟ್ಸ್’ ಬಿಟ್‌ನಲ್ಲಿ. ಒಂದು ಕಡೆ 32, ಇನ್ನೊಂದು ಕಡೆ 256. ಇದು ತಪ್ಪಿದ್ದರೆ ಎಲ್ಲ ಪಾಸ್‌ವರ್ಡ್‌ಗೂ ತಪ್ಪುತ್ತಿತ್ತು, ಆದ್ದರಿಂದ ನಿಮ್ಮದು ಎರಡನೆಯದು: ಯುನಿಕೋಡ್. ಕನ್ನಡದಲ್ಲೇ ನೋಡಿ. ‘ಕೊ’ ಎಂಬುದರ ಒತ್ವ ಒಂದೇ ಸಂಕೇತವಾಗಿ ಬರಬಹುದು, ಯುಟಿಎಫ್-8ರಲ್ಲಿ 3 ಬೈಟ್. ಎತ್ವ ಮತ್ತು ಊತ್ವದ ಚಿಹ್ನೆ ಬೇರೆ ಬೇರೆಯಾಗಿಯೂ ಬರಬಹುದು, ಆಗ 6 ಬೈಟ್. ‘ಕೋ’ದಲ್ಲಿ ದೀರ್ಘದ ಚಿಹ್ನೆಯೂ ಸೇರಿ 3ರ ಜಾಗದಲ್ಲಿ 9 ಆಗಬಹುದು. ಕಣ್ಣಿಗೆ ಎರಡೂ ಒಂದೇ, ಕೀಗೆ ಅಲ್ಲ. ಪಾಸ್‌ವರ್ಡನ್ನು ಬೈಟ್ ಮಾಡುವ ಮುಂಚೆ ‘ನಾರ್ಮಲೈಸ್’ ಕರೆದು ‘ಎನ್‌ಎಫ್‌ಸಿ’ (ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ಕೊಡಿ. ಪಾಸ್‌ವರ್ಡ್‌ಗಳಿಗೆ ಆರ್‌ಎಫ್‌ಸಿ 8265 (ಇಂಟರ್ನೆಟ್ ಮಾನಕದ ದಾಖಲೆ) ಹೇಳುವುದೂ ಎನ್‌ಎಫ್‌ಸಿಯನ್ನೇ. ಅರ್ಕಾವೊತ್ತು ತಪ್ಪಿಸಲು ಹಾಕುವ ಕಣ್ಣಿಗೆ ಕಾಣದ ಗುರುತುಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಹೆಕ್ಸ್, ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೂಪಗಳು) ಬಳಸುತ್ತಿದ್ದರೆ ಅಲ್ಲೂ ಕಣ್ಣಿಡಿ. ನೋಡ್‌ನ ಬಫರ್ (ಬೈಟ್‌ಗಳನ್ನಿಡುವ ಅದರ ಸ್ವಂತ ವರ್ಗ) ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವ ಸ್ವಭಾವದ್ದು: ಹೆಕ್ಸ್‌ನಲ್ಲಿ ಅಡ್ಡ ಅಕ್ಷರ ಸಿಕ್ಕ ಕಡೆ ಸದ್ದಿಲ್ಲದೆ ನಿಂತು, ಅಲ್ಲಿವರೆಗಿನದನ್ನು ಕೊಡುತ್ತದೆ. ಬೇಸ್64ರಲ್ಲಿ ಯುಆರ್‌ಎಲ್ ಮಾದರಿಯನ್ನೂ ಒಪ್ಪುತ್ತದೆ. ಬ್ರೌಸರಿನ ‘ಎಟುಬಿ’ ಹಾಗಲ್ಲ, ಎಸೆಯುತ್ತದೆ. ಅದರ ಜೊತೆ ‘ಫ್ರಮ್‌ಚಾರ್‌ಕೋಡ್’ಗೆ ದೊಡ್ಡ ಅರೇಯನ್ನು ಮೂರು ಚುಕ್ಕಿ ಹಾಕಿ ಹರಡಿದರೆ ಸ್ಟ್ಯಾಕ್ ತುಂಬಿ ‘ರೇಂಜ್‌ಎರರ್’. 8 ಕಿಲೋಬೈಟ್ ತುಂಡು ಮಾಡಿ ಕೊಡಿ.

ಫೋನಿನ ವಿಷಯ ಲೈಬ್ರರಿಯ ತಪ್ಪಲ್ಲ. ‘ಸಟಲ್’ ಸಿಗುವುದು ಸುರಕ್ಷಿತ ಸಂದರ್ಭದಲ್ಲಿ ಮಾತ್ರ: ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್. ಬರೀ ಎಚ್‌ಟಿಟಿಪಿಯಲ್ಲಿ ವೈಫೈ ಐಪಿ ತೆರೆದರೆ ‘ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್’ ಇರುತ್ತದೆ, ‘ಸಟಲ್’ ಇರುವುದಿಲ್ಲ. ಆಂಡ್ರಾಯ್ಡ್ ಫೋನಾದರೆ ಯುಎಸ್‌ಬಿ ಕೇಬಲ್ ಹಾಕಿ ಆಂಡ್ರಾಯ್ಡ್ ಡೆವಲಪರ್ ಸಾಧನದ ‘ಎಡಿಬಿ ರಿವರ್ಸ್’ನಿಂದ ನಿಮ್ಮ ಯಂತ್ರದ ಪೋರ್ಟ್ 5173ನ್ನು (ವೀಟ್ ಎಂಬ ಬಿಲ್ಡ್ ಸಾಧನದ ಡೀಫಾಲ್ಟ್) ಫೋನಿನ 5173ಕ್ಕೆ ಜೋಡಿಸಿ, ಫೋನಿನಲ್ಲೂ ಲೋಕಲ್‌ಹೋಸ್ಟ್ ಎಂದೇ ತೆರೆಯಿರಿ. ಲೈಬ್ರರಿ ಶುರುವಿನಲ್ಲೇ ‘ಸಟಲ್’ ಇಲ್ಲದಿದ್ದರೆ ‘ಸುರಕ್ಷಿತ ಸಂದರ್ಭ ಬೇಕು’ ಎಂದು ಬಾಯಿಬಿಟ್ಟು ಹೇಳಲಿ. ಇಲ್ಲದಿದ್ದರೆ ಬಳಸುವವರೆಲ್ಲ ಇದೇ ಪ್ರಶ್ನೆ ಹಿಡಿದು ಬರುತ್ತಾರೆ.

ಕೊನೆಗೆ ಬೈಟ್ ಜೋಡಣೆ. ಕೋಡ್ ಮುಟ್ಟುವ ಮೊದಲು ಇದನ್ನು ರೀಡ್‌ಮಿಯಲ್ಲಿ ಬರೆಯಿರಿ. ಉದಾಹರಣೆಗೆ: ಆವೃತ್ತಿ 1 ಬೈಟ್, ಅಲ್ಗಾರಿದಮ್ 1 ಬೈಟ್, ಪಿಬಿಕೆಡಿಎಫ್2 ಸುತ್ತುಗಳ ಸಂಖ್ಯೆ 4 ಬೈಟ್ (ದೊಡ್ಡ ತುದಿ ಮೊದಲು, ‘ಡೇಟಾವ್ಯೂ’ ಹೇಳದಿದ್ದರೂ ಹಾಗೇ ಬರೆಯುತ್ತದೆ), ಸಾಲ್ಟ್ 16, ಐವಿ (ಪ್ರತಿ ಎನ್‌ಕ್ರಿಪ್ಟ್‌ಗೂ ಬೇರೆ ಇರುವ ಆರಂಭದ ಬೈಟ್‌ಗಳು) 12. ಅಲ್ಲಿಗೆ ತಲೆಭಾಗ 34 ಬೈಟ್. ಆಮೇಲೆ ಸೈಫರ್‌ಟೆಕ್ಸ್ಟ್, ಬಾಲದಲ್ಲಿ 16 ಬೈಟ್ ಟ್ಯಾಗ್. ಒಟ್ಟು ಹೆಚ್ಚುವರಿ 50 ಬೈಟ್. ಆ 34 ಬೈಟನ್ನೂ ‘ಅಡಿಷನಲ್‌ಡೇಟಾ’ (ಎನ್‌ಕ್ರಿಪ್ಟ್ ಆಗದಿದ್ದರೂ ಟ್ಯಾಗ್ ಲೆಕ್ಕಕ್ಕೆ ಸೇರುವ ಡೇಟಾ) ಆಗಿ ಜಿಸಿಎಂಗೆ ಕೊಡಿ, ತಲೆಭಾಗ ತಿದ್ದಿದರೂ ಸಿಕ್ಕಿಬೀಳುತ್ತದೆ. ಸುತ್ತುಗಳು ಎಚ್‌ಮ್ಯಾಕ್-ಶಾ-256ಕ್ಕೆ (ಪಿಬಿಕೆಡಿಎಫ್2 ಒಳಗೆ ಓಡುವ ಕೀ ಸಹಿತ ಹ್ಯಾಶ್) 6,00,000, ವೆಬ್ ಭದ್ರತೆಯ ಸಂಸ್ಥೆ ಒವಾಸ್ಪ್ ಹೇಳುವ ಅಂಕಿ. ಈಗಾಗಲೇ ಉಳಿಸಿಟ್ಟಿರುವ ಹಳೆಯ ಡೇಟಾಗೆ ಓದುವ ಕೋಡ್ ಮಾತ್ರ ಇಟ್ಟುಕೊಳ್ಳಿ: ಟ್ಯಾಗನ್ನು ಎತ್ತಿ ಬಾಲಕ್ಕಿಟ್ಟು ಅದೇ ‘ಡಿಕ್ರಿಪ್ಟ್’ಗೆ ಕೊಟ್ಟರೆ ಮುಗಿಯಿತು.

---

ಹಳೇಸರ್ವರ್:

‘ಎರಡು ಫೈಲ್ ಒಂದಾಗುತ್ತದೆ’ ಎಂಬುದಕ್ಕೆ ಅರ್ಧ ಒಪ್ಪಿಗೆ. ವೆಬ್ ಕ್ರಿಪ್ಟೊ ಹೊರಬಾರದ ಭಾರಗಳೂ ಇವೆ.

ಒಂದು, ಅದಕ್ಕೆ ಸ್ಟ್ರೀಮ್ ಗೊತ್ತಿಲ್ಲ. 2 ಗಿಗಾಬೈಟ್ ಫೈಲ್ ಕೊಟ್ಟರೆ ಪೂರ್ತಿ ಮೆಮೊರಿಯಲ್ಲಿರಬೇಕು, ಫಲಿತಾಂಶಕ್ಕೂ ಅಷ್ಟೇ ಜಾಗ ಬೇಕು. ಸರ್ವರ್ ಕಡೆ ‘ಕ್ರಿಯೇಟ್‌ಸೈಫರ್‌ಐವಿ’ ಸ್ಟ್ರೀಮ್ ಇಟ್ಟು, ಬ್ರೌಸರ್ ಕಡೆ ಒಟ್ಟಿಗೇ ಬಿಚ್ಚುತ್ತೇವೆ ಎಂದು ಹೊರಟರೆ ಮತ್ತೆ ಎರಡು ದಾರಿಯಾಗುತ್ತದೆ. ಪರಿಹಾರ ತುಂಡು ಮಾಡುವುದು: 64 ಕಿಬಿಬೈಟ್‌ನಿಂದ 1 ಮೆಬಿಬೈಟ್ ಒಳಗಿನ ಒಂದು ಗಾತ್ರ ಹಿಡಿಯಿರಿ, ಪ್ರತಿ ತುಂಡನ್ನೂ ಬೇರೆ ಬೇರೆ ಜಿಸಿಎಂ ಮಾಡಿ. 12 ಬೈಟ್ ಐವಿಯನ್ನು 7 ಬೈಟ್ ಯಾದೃಚ್ಛಿಕ ಮುಂಭಾಗ, 4 ಬೈಟ್ ತುಂಡಿನ ಸಂಖ್ಯೆ, 1 ಬೈಟ್ ‘ಇದು ಕೊನೆಯದು’ ಗುರುತು ಎಂದು ಹಂಚಿ. ಸಂಖ್ಯೆ ಇರುವುದರಿಂದ ತುಂಡುಗಳ ಜಾಗ ಅದಲುಬದಲು ಮಾಡಲಾಗದು, ಕೊನೆಯ ಗುರುತು ಇರುವುದರಿಂದ ಬಾಲ ಕತ್ತರಿಸಿದರೆ ಗೊತ್ತಾಗುತ್ತದೆ. ಪ್ರತಿ ಫೈಲ್‌ಗೂ ಹೊಸ ಕೀ ತೆಗೆಯಿರಿ. 7 ಬೈಟ್ ಮುಂಭಾಗ ಒಂದೇ ಕೀಯಲ್ಲಿ ಲಕ್ಷಾಂತರ ಫೈಲ್‌ಗೆ ನೆಚ್ಚಿಕೊಳ್ಳುವಷ್ಟು ದೊಡ್ಡದಲ್ಲ.

ಎರಡು, ಎಸ್‌ಕ್ರಿಪ್ಟ್ (ಮೆಮೊರಿಯನ್ನೂ ಹೆಚ್ಚು ಬೇಡುವ, ಪಾಸ್‌ವರ್ಡ್‌ನಿಂದ ಕೀ ತೆಗೆಯುವ ಇನ್ನೊಂದು ವಿಧಾನ) ಬೇಕಾದರೆ ಬ್ರೌಸರಿನ ವೆಬ್ ಕ್ರಿಪ್ಟೊದಲ್ಲಿ ಇಲ್ಲ. ನೋಬಲ್ ಹ್ಯಾಶಸ್‌ನಂಥ ಶುದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿ ಎರಡೂ ಕಡೆಗೆ ಹಾಕಬಹುದು. ಸರ್ವರಿನಲ್ಲಿ ಮಾತ್ರ ನೋಡ್‌ನದ್ದೇ ಬಳಸುವುದಾದರೆ ‘ಮ್ಯಾಕ್ಸ್‌ಮೆಮ್’ ಮರೆಯಬೇಡಿ, ಹೇಳದಿದ್ದರೆ ಅದು 32 ಮೆಬಿಬೈಟ್. ಎಸ್‌ಕ್ರಿಪ್ಟ್‌ನ ಮಾನಗಳಿಗೆ ಎನ್ = 131072, ಆರ್ = 8 ಕೊಟ್ಟರೆ 128 × ಎನ್ × ಆರ್, ಅಂದರೆ 128 ಮೆಬಿಬೈಟ್ ಬೇಕು, ತಕ್ಷಣ ಎಸೆಯುತ್ತದೆ. ಮಿತಿಯನ್ನು 256 ಮೆಬಿಬೈಟ್ ಎಂದಿಟ್ಟರೆ ಇಕ್ಕಟ್ಟಾಗುವುದಿಲ್ಲ.

ಮೂರು, ವೆಬ್ ಕ್ರಿಪ್ಟೊದ ‘ಸಟಲ್’ನಲ್ಲಿ ಎನ್‌ಕ್ರಿಪ್ಟ್, ಸಹಿ ಎಲ್ಲವೂ ಪ್ರಾಮಿಸ್ (ಉತ್ತರ ಆಮೇಲೆ ಬರುತ್ತದೆ). ನಿಮ್ಮ ಈಗಿನ ಸರ್ವರ್ ಎಪಿಐ ಸಿಂಕ್ ಆಗಿದ್ದರೆ ಬಳಸುವವರ ಕೋಡ್ ಮುರಿಯುತ್ತದೆ. ದೊಡ್ಡ ಆವೃತ್ತಿ ಸಂಖ್ಯೆ ಏರಿಸಿಯೇ ಬಿಡುಗಡೆ ಮಾಡಿ.

ಎರಡು ಫೈಲ್ ಉಳಿಸಿಕೊಳ್ಳಲೇಬೇಕಾದರೆ ‘ಎಕ್ಸ್‌ಪೋರ್ಟ್ಸ್’ನಲ್ಲಿ ಬರೆದ ಕ್ರಮವೇ ಆಯ್ಕೆಯ ಕ್ರಮ ಎಂಬುದು ನೆನಪಿರಲಿ: ‘ಟೈಪ್ಸ್’ ಎಲ್ಲಕ್ಕಿಂತ ಮೊದಲು, ‘ಡೀಫಾಲ್ಟ್’ ಎಲ್ಲಕ್ಕಿಂತ ಕೊನೆಗೆ. ತಪ್ಪಿ ‘ನೋಡ್:ಕ್ರಿಪ್ಟೊ’ ಬ್ರೌಸರ್ ಕಡೆ ಸೋರಿದರೆ ವೀಟ್ ಬಿಲ್ಡ್ ನಿಲ್ಲಿಸದೇ ಇರಬಹುದು. ಅದರ ಜಾಗಕ್ಕೆ ಒಂದು ಟೊಳ್ಳು ಮಾಡ್ಯೂಲ್ ಇಟ್ಟು ‘ಎಕ್ಸ್‌ಟರ್ನಲೈಸ್ಡ್’ ಎಂದು ಗೊಣಗಿ ಮುಂದೆ ಹೋಗುತ್ತದೆ, ಬೀಳುವುದು ಪುಟ ಓಡುವಾಗ. ವೆಬ್‌ಪ್ಯಾಕ್ 5 ಆದರೆ ಬಿಲ್ಡ್‌ನಲ್ಲೇ ನಿಲ್ಲುತ್ತದೆ, ಅದು ಎಷ್ಟೋ ವಾಸಿ.

---

ಟೆಸ್ಟ್‌ಮಲ್ಲ:

ಟೆಸ್ಟ್ ಭಾಗ ನನಗಿರಲಿ. ಮೊದಲು ಜೆಎಸ್‌ಡಾಮ್ ಬಿಡಿ. ಅದು ಡಾಮ್‌ನ (ಪುಟದ ಒಳರಚನೆಯ) ಅನುಕರಣೆ, ಬ್ರೌಸರಿನ ‘ಸಟಲ್’ ಅದರಲ್ಲಿಲ್ಲ. ನೀವು ನೋಡ್‌ನ ‘ಸಟಲ್’ ಎತ್ತಿ ಅದರೊಳಗೆ ಸಿಕ್ಕಿಸಿದರೆ ಟೆಸ್ಟ್ ಆಗುವುದು ಮತ್ತೆ ನೋಡ್. ಅಲ್ಲಿ ಪಾಸಾಯಿತು ಎಂದರೆ ಬ್ರೌಸರ್ ಬಗ್ಗೆ ಏನೂ ತಿಳಿದಂತಾಗಲಿಲ್ಲ.

‘ಯೂಇಂಟ್8ಅರೇ ಅಲ್ಲ’ ಎಂಬ ದೂರೂ ಅದರದ್ದೇ. ಜೆಸ್ಟ್ ಜೆಎಸ್‌ಡಾಮನ್ನು ಬೇರೆ ಗ್ಲೋಬಲ್ ಒಳಗೆ ಓಡಿಸುತ್ತದೆ. ಆ ಗ್ಲೋಬಲ್‌ನ ಯೂಇಂಟ್8ಅರೇ ಬೇರೆ, ನೋಡ್‌ನ ಬಫರ್ ಹುಟ್ಟಿದ ಯೂಇಂಟ್8ಅರೇ ಬೇರೆ, ಆದ್ದರಿಂದ ‘ಇನ್‌ಸ್ಟನ್ಸ್‌ಆಫ್’ ಇಲ್ಲ ಎನ್ನುತ್ತದೆ. ಬ್ರೌಸರಿನಲ್ಲೂ ಐಫ್ರೇಮ್‌ನಿಂದ ಬಂದ ಅರೇಗೆ ಹೀಗೇ ಆಗುವುದರಿಂದ ತಪಾಸಣೆಯನ್ನೇ ಬದಲಿಸಿ: ‘ಆಬ್ಜೆಕ್ಟ್.ಪ್ರೋಟೊಟೈಪ್.ಟುಸ್ಟ್ರಿಂಗ್’ ಕರೆದು ಉತ್ತರದಲ್ಲಿ ‘ಯೂಇಂಟ್8ಅರೇ’ ಇದೆಯೇ ನೋಡಿ. ಬಫರ್ ಆದರೂ, ಬೇರೆ ಗ್ಲೋಬಲ್ ಆದರೂ ಅದು ಸರಿಯಾಗಿ ಹೇಳುತ್ತದೆ.

ಓಡಿಸುವುದು ಹೀಗೆ. ಜೆಸ್ಟ್ ಬದಲು ವೀಟೆಸ್ಟ್ ಎಂಬ ಟೆಸ್ಟ್ ಸಾಧನ ಹಿಡಿದು, ಅದರ ‘ಪ್ರಾಜೆಕ್ಟ್ಸ್’ನಲ್ಲಿ ಎರಡು ನಮೂದು: ಒಂದು ನೋಡ್ ಪರಿಸರ, ಇನ್ನೊಂದು ಬ್ರೌಸರ್ ಮೋಡ್. ಎರಡನೆಯದಕ್ಕೆ ಪ್ಲೇರೈಟ್ (ನಿಜವಾದ ಬ್ರೌಸರ್‌ಗಳನ್ನು ಓಡಿಸುವ ಸಾಧನ) ಜೋಡಿಸಿ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ಹೆಸರಿಸಿ. ಟೆಸ್ಟ್ ಫೈಲ್‌ಗಳು ಒಂದೇ, ನಾಲ್ಕು ಕಡೆ ಓಡುತ್ತವೆ. ಟೆಸ್ಟ್‌ನೊಳಗೆ ಫೈಲ್ ಓದುವ ‘ಎಫ್‌ಎಸ್’ ಇರಬಾರದು, ವೆಕ್ಟರ್‌ಗಳನ್ನು (ಇನ್‌ಪುಟ್ ಮತ್ತು ಬರಬೇಕಾದ ಉತ್ತರ ಬರೆದಿಟ್ಟ ಮಾದರಿಗಳು) ಜೇಸನ್ ಇಂಪೋರ್ಟ್ ಆಗಿ ತನ್ನಿ. ಸಿಐ (ಕೋಡ್ ಬದಲಾದಾಗ ತಾನೇ ಟೆಸ್ಟ್ ಓಡಿಸುವ) ಯಂತ್ರದಲ್ಲಿ ಪ್ಲೇರೈಟ್ ಇನ್‌ಸ್ಟಾಲ್‌ಗೆ ‘ವಿತ್-ಡೆಪ್ಸ್’ ಫ್ಲ್ಯಾಗ್ ಕೊಡದಿದ್ದರೆ ಲಿನಕ್ಸ್‌ನಲ್ಲಿ ವೆಬ್‌ಕಿಟ್ ಎದ್ದೇಳದೇ ಇರಬಹುದು.

ನಾಲ್ಕು ಕಡೆ ಯಾಕೆ ಎಂದರೆ ಒಳಗಿರುವ ಯಂತ್ರ ನಾಲ್ಕೂ ಬೇರೆ. ನೋಡ್‌ನಲ್ಲಿ ಓಪನ್‌ಎಸ್‌ಎಸ್‌ಎಲ್, ಕ್ರೋಮಿಯಂನಲ್ಲಿ ಬೋರಿಂಗ್‌ಎಸ್‌ಎಸ್‌ಎಲ್, ಫೈರ್‌ಫಾಕ್ಸ್‌ನಲ್ಲಿ ಎನ್‌ಎಸ್‌ಎಸ್. ವೆಬ್‌ಕಿಟ್‌ನಲ್ಲಿ ಒಂದು ಮೋಸ ಇದೆ: ಲಿನಕ್ಸ್‌ನಲ್ಲಿ ಓಡುವ ವೆಬ್‌ಕಿಟ್‌ಗೆ ಕ್ರಿಪ್ಟೊ ಕೊಡುವುದು ಲಿಬ್‌ಜಿಕ್ರಿಪ್ಟ್, ಸಫಾರಿಗೆ ಕೊಡುವುದು ಆಪಲ್‌ನ ಸ್ವಂತ ಲೈಬ್ರರಿ. ಲಿನಕ್ಸ್ ಸಿಐನಲ್ಲಿ ಹಸಿರು ಬಂದರೆ ಸಫಾರಿ ಪಾಸ್ ಎಂದು ಬರೆದುಕೊಳ್ಳಬೇಡಿ. ಬಿಡುಗಡೆಗೆ ಮುಂಚೆ ಒಮ್ಮೆಯಾದರೂ ಮ್ಯಾಕ್ ರನ್ನರ್‌ನಲ್ಲಿ ಓಡಿಸಿ.

ವ್ಯತ್ಯಾಸಗಳು ನಿಜಕ್ಕೂ ಕಾಣುತ್ತವೆ. ಕ್ರೋಮಿಯಂ 192 ಬಿಟ್ ಎಇಎಸ್ ಕೀ ಒಪ್ಪುವುದಿಲ್ಲ. ಖಾಲಿ ಎಚ್‌ಮ್ಯಾಕ್ ಕೀಯನ್ನು ನೋಡ್‌ನ ‘ಕ್ರಿಯೇಟ್‌ಎಚ್‌ಮ್ಯಾಕ್’ ಒಪ್ಪುತ್ತದೆ, ವೆಬ್ ಕ್ರಿಪ್ಟೊ ‘ಡೇಟಾಎರರ್’ ಎಸೆಯುತ್ತದೆ. ‘ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್’ ಒಂದು ಸಲಕ್ಕೆ 65,536 ಬೈಟ್ ಮಾತ್ರ ಕೊಡುತ್ತದೆ. 1 ಮೆಬಿಬೈಟ್ ಕೇಳುವ ಟೆಸ್ಟ್ ಒಂದು ಬರೆದಿಡಿ, ತುಂಡು ಮಾಡುವ ಲೂಪ್ ಮರೆತಿದ್ದರೆ ಅಲ್ಲೇ ಸಿಗುತ್ತದೆ.

ಯಾವ ವೆಕ್ಟರ್? ಪಿಬಿಕೆಡಿಎಫ್2-ಶಾ-256ಕ್ಕೆ ಆರ್‌ಎಫ್‌ಸಿ 7914ರಲ್ಲಿರುವವು, ಎಚ್‌ಮ್ಯಾಕ್‌ಗೆ 4231, ಎಚ್‌ಕೆಡಿಎಫ್ ಬಂದರೆ 5869. ಜಿಸಿಎಂ ಮತ್ತು ಇಸಿಡಿಎಸ್‌ಎಗೆ ವೈಚ್‌ಪ್ರೂಫ್ ಎಂಬ ಟೆಸ್ಟ್ ವೆಕ್ಟರ್ ಸಂಗ್ರಹ. ಅದರ ಬೆಲೆ ಇರುವುದು ‘ಇನ್‌ವ್ಯಾಲಿಡ್’ ಎಂದು ಗುರುತಾದ ವೆಕ್ಟರ್‌ಗಳಲ್ಲಿ: ತಿದ್ದಿದ ಟ್ಯಾಗ್, ಸೊನ್ನೆ ಉದ್ದದ ಐವಿ, ಆರ್ ಅಥವಾ ಎಸ್ ಸೊನ್ನೆಯಾದ ಸಹಿ. ಓದುವ ಲೂಪ್‌ನಲ್ಲಿ ನಿಮಗೆ ಬೇಡದ ಕೀ ಗಾತ್ರಗಳನ್ನು ಬಿಡುತ್ತೀರಿ, ಸರಿ, ಆದರೆ ಎಷ್ಟು ಓಡಿದವು ಎಂದು ಎಣಿಸಿ ಆ ಅಂಕಿಯನ್ನೂ ಟೆಸ್ಟ್‌ನಲ್ಲಿ ನಿರೀಕ್ಷಿಸಿ. ಫಿಲ್ಟರ್‌ನಲ್ಲಿ ಒಂದು ಅಕ್ಷರ ತಪ್ಪಿ ಸೊನ್ನೆ ವೆಕ್ಟರ್ ಓಡಿದರೂ ಹಸಿರೇ ಬರುತ್ತದೆ.

ಇವು ಅಲ್ಗಾರಿದಮ್‌ಗೆ. ನಿಮ್ಮ 50 ಬೈಟ್ ಜೋಡಣೆಗೆ ನೀವೇ ಮಾದರಿ ಮಾಡಬೇಕು. ನಾಲ್ಕು ಕಡೆಯಲ್ಲೂ ಒಂದೊಂದು ಸಲ ಎನ್‌ಕ್ರಿಪ್ಟ್ ಮಾಡಿದ ಹೆಕ್ಸ್ ತೆಗೆದು ರೆಪೊದಲ್ಲಿ ಜೇಸನ್ ಆಗಿ ಸೇರಿಸಿಬಿಡಿ. ಪ್ರತಿ ಕಡೆಯೂ ನಾಲ್ಕನ್ನೂ ಬಿಚ್ಚಬೇಕು, ಒಟ್ಟು 16 ಜೋಡಿ. ಆ ಫೈಲ್ ಮತ್ತೆ ಎಂದೂ ಹುಟ್ಟಿಸಬಾರದು. ಬದಲಾಯಿಸಬೇಕು ಎನ್ನಿಸಿದರೆ ಅದು ಹೊಸ ಆವೃತ್ತಿ ಬೈಟ್‌ನ ಕಾಲ. ಸಹಿಯಲ್ಲಿ ಬೈಟ್ ಹೋಲಿಸಬೇಡಿ, ಇಸಿಡಿಎಸ್‌ಎ ಪ್ರತಿ ಸಲ ಬೇರೆ ಬರುತ್ತದೆ, ‘ವೆರಿಫೈ’ ಮಾತ್ರ ನೋಡಿ. ಮುಂದೆ ಎಡ್25519 ಎಂಬ ಇನ್ನೊಂದು ಸಹಿ ವಿಧಾನಕ್ಕೆ ಹೋದರೂ ಅಷ್ಟೇ. ಆರ್‌ಎಫ್‌ಸಿ 8032ರ ಪ್ರಕಾರ ಒಂದೇ ಸಹಿ ಬರಬೇಕು ನಿಜ, ಆದರೆ ಆಪಲ್‌ನ ಕ್ರಿಪ್ಟೊಕಿಟ್ ಅದಕ್ಕೂ ಯಾದೃಚ್ಛಿಕತೆ ಬೆರೆಸುತ್ತದೆ.

ಹಾಳುಗೆಡವುವ ಟೆಸ್ಟ್: 16 ಬೈಟ್ ಪ್ಲೇನ್‌ಟೆಕ್ಸ್ಟ್ ಎನ್‌ಕ್ರಿಪ್ಟ್ ಮಾಡಿದರೆ 66 ಬೈಟ್, 528 ಬಿಟ್. ಒಂದೊಂದು ಬಿಟ್ ತಿರುಗಿಸಿ ಬಿಚ್ಚಲು ಕೊಡಿ, 528 ಸಲವೂ ಎಸೆಯಬೇಕು. ಆಮೇಲೆ ಉದ್ದವನ್ನು 0ಯಿಂದ 65ರವರೆಗೆ ಕತ್ತರಿಸಿ ಕೊಡಿ, ಅಲ್ಲೂ ಎಸೆಯಬೇಕು. ಎಸೆದ ಎರರ್ ನಿಮ್ಮದೇ ವರ್ಗದ್ದಾಗಿರಬೇಕು, ‘ರೇಂಜ್‌ಎರರ್’ ಹೊರಬಂದರೆ ಉದ್ದದ ತಪಾಸಣೆ ಎಲ್ಲೋ ಬಿಟ್ಟುಹೋಗಿದೆ.

ಒಂದು ಟೆಸ್ಟ್ ಬಫರ್‌ಗೆಂದೇ ಇರಲಿ. ಸಣ್ಣ ಬಫರ್‌ಗಳು 8 ಕಿಬಿಬೈಟ್‌ನ ಒಂದೇ ಕೊಳದಲ್ಲಿ ಕೂತಿರುತ್ತವೆ. ಎಲ್ಲಾದರೂ ‘.ಬಫರ್’ ಎಂದು ಬರೆದು ಒಳಗಿನ ಅರೇಬಫರ್ ತೆಗೆದರೆ ಪೂರ್ತಿ ಕೊಳ ಬರುತ್ತದೆ, ಅಕ್ಕಪಕ್ಕದವರ ಗುಟ್ಟಿನ ಸಮೇತ. ‘ಸ್ಲೈಸ್’ ಕೂಡ ಹಾಗೇ: ಯೂಇಂಟ್8ಅರೇಯಲ್ಲಿ ನಕಲು, ಬಫರ್‌ನಲ್ಲಿ ಅದೇ ಮೆಮೊರಿಗೆ ಇನ್ನೊಂದು ಕಿಟಕಿ. ಲೈಬ್ರರಿಗೆ ‘ಬಫರ್.ಫ್ರಮ್’ನಿಂದ ಬಂದದ್ದನ್ನೂ, ದೊಡ್ಡ ಅರೇಯ ನಡುವಿನ ‘ಸಬ್‌ಅರೇ’ಯನ್ನೂ ಕೊಟ್ಟು ಉತ್ತರ ಒಂದೇ ಬರುತ್ತದೆಯೇ ನೋಡಿ. ಹೋಲಿಕೆ ಹೆಕ್ಸ್ ಮಾಡಿಯೇ ಮಾಡಿ, ಬಫರ್ ಮತ್ತು ಯೂಇಂಟ್8ಅರೇಗೆ ‘ಟುಸ್ಟ್ರಿಕ್ಟ್‌ಈಕ್ವಲ್’ ಎಣ್ಣೆ-ಸೀಗೆಕಾಯಿ.

ಪ್ಯಾಕೇಜ್ ಪರೀಕ್ಷೆ ಬೇರೆ. ಸೋರ್ಸ್ ಫೋಲ್ಡರಿನಲ್ಲಿ ಪಾಸಾದದ್ದು ಇನ್‌ಸ್ಟಾಲ್ ಮಾಡಿದ ಮೇಲೆ ಬೀಳುವುದು ಸಾಮಾನ್ಯ. ‘ಎನ್‌ಪಿಎಂ ಪ್ಯಾಕ್’ ಮಾಡಿ, ಬಂದ ಟಾರ್ ಫೈಲನ್ನು ಖಾಲಿ ಫೋಲ್ಡರಿನ ಒಂದು ನೋಡ್ ಸ್ಕ್ರಿಪ್ಟ್‌ಗೆ, ಒಂದು ವೀಟ್ ಪುಟಕ್ಕೆ ಇನ್‌ಸ್ಟಾಲ್ ಮಾಡಿ, ಎನ್‌ಕ್ರಿಪ್ಟ್-ಡಿಕ್ರಿಪ್ಟ್ ಒಂದು ಸುತ್ತು ಓಡಿಸಿ. ಅದರ ಮುಂಚೆ ಪಬ್‌ಲಿಂಟ್ ಮತ್ತು ‘ಆರ್ ದ ಟೈಪ್ಸ್ ರಾಂಗ್’ ಓಡಿಸಿದರೆ ಪ್ಯಾಕೇಜ್.ಜೇಸನ್‌ನ ಹೆಚ್ಚಿನ ತಪ್ಪುಗಳು ಅಲ್ಲೇ ಸಿಗುತ್ತವೆ. ಕಾಮನ್‌ಜೆಎಸ್ (ನೋಡ್‌ನ ಹಳೆಯ ಮಾಡ್ಯೂಲ್ ರೂಪ) ಪ್ರತಿ ಬೇಕೇ ಎಂದರೆ ಬೇಡ: ನೋಡ್ 20.19 ಮತ್ತು 22.12ರಿಂದ ‘ರಿಕ್ವೈರ್’ ಮೂಲಕವೇ ಇಎಸ್‌ಎಂ (ಹೊಸ ಮಾಡ್ಯೂಲ್ ರೂಪ) ತರಬಹುದು, ಫೈಲ್‌ನ ಮೇಲ್ಮಟ್ಟದಲ್ಲಿ ‘ಅವೇಟ್’ ಇಲ್ಲದಿದ್ದರೆ ಸಾಕು. ಎರಡು ಪ್ರತಿ ಹಂಚಿದರೆ ನಿಮ್ಮ ಎರರ್ ವರ್ಗವೇ ಎರಡಾಗಿ, ಅದಕ್ಕೂ ‘ಇನ್‌ಸ್ಟನ್ಸ್‌ಆಫ್’ ಕೈಕೊಡುತ್ತದೆ.

---

ತಿರುಗುಣಿ:

ಒಂದೇ ಫೈಲ್‌ಗೆ ತಂದ ಮೇಲೆ 1, 2, 3 ಮಾಯ. ಹಳೆಯ ಸರ್ವರ್ ಕೋಡ್‌ನಲ್ಲಿ ಟ್ಯಾಗ್ ಮುಂದೆಯೇ ಇತ್ತು, ‘ಆಥ್‌ಟ್ಯಾಗ್‌ಲೆಂಗ್ತ್’ ಕೂಡ ಇರಲಿಲ್ಲ. ಈಗ ಎರಡು ಹೊಸ ತಕರಾರು.

ಒಂದು: ಟೈಪ್‌ಸ್ಕ್ರಿಪ್ಟ್ 5.9ರಲ್ಲಿ ‘ಸಟಲ್.ಎನ್‌ಕ್ರಿಪ್ಟ್’ಗೆ ಕೊಡುವ ಪ್ರತಿ ಕಡೆ ‘ಅರೇಬಫರ್‌ಲೈಕ್ ಮೇಲಿನ ಯೂಇಂಟ್8ಅರೇಯನ್ನು ಬಫರ್‌ಸೋರ್ಸ್ ಆಗಿ ಕೊಡಲಾಗದು’ ಎಂಬ ಕೆಂಪು ಗೆರೆ. 5.6ರಲ್ಲಿ ಏನೂ ಇಲ್ಲ. ‘ಆಸ್’ (ಟೈಪನ್ನು ಬಲವಂತವಾಗಿ ಹೇಳುವ ಪದ) ಹಾಕಿ ಬಾಯಿ ಮುಚ್ಚಿಸಬಹುದೇ?

ಎರಡು: ಬಿಟ್ ತಿರುಗಿಸುವ ಟೆಸ್ಟ್ 17ನೆಯ ಬಿಟ್‌ನ ಹತ್ತಿರ ನಿಂತುಬಿಡುತ್ತದೆ. ಎಸೆಯುವುದೂ ಇಲ್ಲ, ಮುಗಿಯುವುದೂ ಇಲ್ಲ, ಟೈಮ್‌ಔಟ್.

---

ಬೈಟ್‌ಬಾವಿ:

ಎರಡನೆಯದು ಮೊದಲು, ಅದು ಟೆಸ್ಟ್ ತಪ್ಪಲ್ಲ, ಲೈಬ್ರರಿಯ ತಪ್ಪು. ಮೊದಲ 16 ಬಿಟ್ ಆವೃತ್ತಿ ಮತ್ತು ಅಲ್ಗಾರಿದಮ್. 17ನೆಯದು ಸುತ್ತುಗಳ ಸಂಖ್ಯೆಯ ಅತಿ ದೊಡ್ಡ ಬಿಟ್. ಅದನ್ನು ತಿರುಗಿಸಿದರೆ 6,00,000 ಇದ್ದದ್ದು 214 ಕೋಟಿ ದಾಟುತ್ತದೆ. ಜಿಸಿಎಂ ತಪಾಸಣೆ ನಡೆಯುವುದು ಕೀ ಸಿದ್ಧವಾದ ಮೇಲೆ, ಕೀ ಸಿದ್ಧವಾಗುವುದು ಅಷ್ಟು ಸುತ್ತು ಮುಗಿದ ಮೇಲೆ. ಯಾರಾದರೂ ಬೇಕೆಂದೇ ಅಂಥ ಫೈಲ್ ಕಳಿಸಿ ಸರ್ವರನ್ನು ಕೂರಿಸಬಹುದು. ಓದಿದ ತಕ್ಷಣ ಮಿತಿ ನೋಡಿ: 6,00,000ಕ್ಕಿಂತ ಕಡಿಮೆ ಅಥವಾ 50,00,000ಕ್ಕಿಂತ ಹೆಚ್ಚು ಇದ್ದರೆ ಕೀ ತೆಗೆಯದೇ ಎಸೆಯಿರಿ.

ಮಿತಿ ಹಾಕಿದ ಮೇಲೂ ಸಾಲ್ಟ್‌ನ 128 ಬಿಟ್‌ಗೆ 128 ಸಲ ಪಿಬಿಕೆಡಿಎಫ್2 ಓಡುತ್ತದೆ, ನೋಡ್ ಕಡೆ ವೀಟೆಸ್ಟ್ ಡೀಫಾಲ್ಟ್ ಆಗಿ ಕೊಡುವ 5 ಸೆಕೆಂಡಿಗೆ ಅದು ಮುಗಿಯುವುದಿಲ್ಲ. ಸಿದ್ಧ ಕೀ ತೆಗೆದುಕೊಂಡು ಬಿಚ್ಚುವ ಒಳಗಿನ ಫಂಕ್ಷನ್ ಬೇರೆ ಮಾಡಿ, 528 ಬಿಟ್‌ಗೂ ಒಂದೇ ಕೀ ಕೊಟ್ಟು ಟೆಸ್ಟ್ ಮಾಡಿ. ತಲೆಭಾಗ ‘ಅಡಿಷನಲ್‌ಡೇಟಾ’ದಲ್ಲಿ ಇರುವುದರಿಂದ ಕೀ ಅದೇ ಇದ್ದರೂ ಸಾಲ್ಟ್ ತಿದ್ದಿದ್ದು ಸಿಕ್ಕಿಬೀಳಲೇಬೇಕು. ಸಿಕ್ಕಿಬೀಳದಿದ್ದರೆ ತಲೆಭಾಗ ಕೊಡುವುದನ್ನೇ ಮರೆತಿದ್ದೀರಿ ಎಂದು ಅರ್ಥ. ಪೂರ್ತಿ ದಾರಿಯ ಟೆಸ್ಟ್ ಎರಡು ಮೂರು ಇದ್ದರೆ ಸಾಕು.

ಟೈಪ್ ವಿಷಯಕ್ಕೆ ‘ಆಸ್’ ಹಾಕಬೇಡಿ, ಕಂಪೈಲರ್ ಹೇಳುತ್ತಿರುವುದು ನಿಜ. 5.7ರಿಂದ ಯೂಇಂಟ್8ಅರೇ ತನ್ನ ಅಡಿಯಲ್ಲಿ ಯಾವ ಬಫರ್ ಇದೆ ಎಂಬುದನ್ನು ಟೈಪ್‌ನಲ್ಲೇ ಹೊತ್ತಿದೆ. ಬರೀ ‘ಯೂಇಂಟ್8ಅರೇ’ ಎಂದರೆ ಅಡಿಯಲ್ಲಿ ಶೇರ್ಡ್‌ಅರೇಬಫರ್ (ಥ್ರೆಡ್‌ಗಳು ಹಂಚಿಕೊಳ್ಳುವ ಮೆಮೊರಿ) ಕೂಡ ಇರಬಹುದು, ಅದನ್ನು ವೆಬ್ ಕ್ರಿಪ್ಟೊ ಓಡುವಾಗಲೂ ಒಪ್ಪುವುದಿಲ್ಲ. ಹೊರಗಿನಿಂದ ಬಂದ ಇನ್‌ಪುಟ್‌ಗೆ ಸಡಿಲ ಟೈಪೇ ಇರಲಿ, ಫಂಕ್ಷನ್ನಿನ ಮೊದಲ ಸಾಲಿನಲ್ಲೇ ‘ನ್ಯೂ ಯೂಇಂಟ್8ಅರೇ’ಗೆ ಅದನ್ನು ಕೊಟ್ಟು ನಕಲು ಮಾಡಿ. ನಕಲಿನ ಅಡಿಯಲ್ಲಿ ಯಾವಾಗಲೂ ಸಾದಾ ಅರೇಬಫರ್, ಕೆಂಪು ಗೆರೆ ಹೋಗುತ್ತದೆ. ನಕಲಿಗೆ ‘ಸ್ಲೈಸ್’ ಬೇಡ, ಬಫರ್ ಬಂದರೆ ಅದು ನಕಲಾಗುವುದಿಲ್ಲ ಎಂದು ಮೇಲೆ ಹೇಳಿದ್ದಾರೆ. ಇನ್ನೊಂದು ಉಪಯೋಗವೂ ಇದೆ: ನೀವು ಕೀಗಾಗಿ ‘ಅವೇಟ್’ ಮಾಡುತ್ತಿರುವಾಗ ಕರೆದವರು ಆ ಅರೇಯನ್ನು ತಿದ್ದಿದರೂ ನಿಮಗೆ ತಟ್ಟುವುದಿಲ್ಲ.

ಹೊರಗೆ ಕೊಡುವ ಟೈಪ್‌ನಲ್ಲಿ ಅರೇಬಫರ್ ಎಂದು ಕೋನಾವರಣ ಹಾಕಿ ಬರೆದರೆ, 5.6 ಅಥವಾ ಹಿಂದಿನದನ್ನು ಬಳಸುವವರಿಗೆ ನಿಮ್ಮ ಡಿ.ಟಿಎಸ್ (ಟೈಪ್ ಘೋಷಣೆಗಳ) ಫೈಲ್ ಮುರಿಯುತ್ತದೆ, ಅಲ್ಲಿ ಯೂಇಂಟ್8ಅರೇ ಜೆನೆರಿಕ್ ಅಲ್ಲ. ‘ಬೈಟ್ಸ್’ ಎಂಬ ಅಲಿಯಾಸ್ ಮಾಡಿ ಅದಕ್ಕೆ ‘ಟೈಪ್‌ಆಫ್ ಯೂಇಂಟ್8ಅರೇ.ಆಫ್’ನ ‘ರಿಟರ್ನ್‌ಟೈಪ್’ ಕೊಡಿ. ಹೊಸದರಲ್ಲಿ ಅದು ಅರೇಬಫರ್ ಮೇಲಿನ ಯೂಇಂಟ್8ಅರೇ, ಹಳೆಯದರಲ್ಲಿ ಬರೀ ಯೂಇಂಟ್8ಅರೇ.

ಟಿಎಸ್‌ಕಾನ್ಫಿಗ್‌ಗೆ ಕೈ ಹಾಕಿದಾಗ ಸೋರ್ಸ್‌ಗೆ ‘ಲಿಬ್’ನಲ್ಲಿ ಇಎಸ್2022 ಮತ್ತು ಡಾಮ್ ಇರಲಿ, ‘ಟೈಪ್ಸ್’ಗೆ ಖಾಲಿ ಅರೇ ಕೊಡಿ. ಆಗ ಯಾರಾದರೂ ತಿಳಿಯದೆ ‘ಬಫರ್’ ಅಥವಾ ‘ಪ್ರೋಸೆಸ್’ ಎಂದು ಬರೆದರೆ ಕಂಪೈಲ್ ಆಗುವುದೇ ಇಲ್ಲ. ಟೆಸ್ಟ್ ಫೋಲ್ಡರಿಗೆ ನೋಡ್ ಟೈಪ್ ಇರುವ ಇನ್ನೊಂದು ಕಾನ್ಫಿಗ್ ಇಟ್ಟುಕೊಳ್ಳಿ.

---

ಟೆಸ್ಟ್‌ಮಲ್ಲ:

ಮಿತಿಯ ಟೆಸ್ಟ್‌ಗೆ ಗಡಿ ಅಂಕಿಗಳನ್ನೇ ಕೊಡಿ: 5,99,999 ಮತ್ತು 50,00,001 ಎಸೆಯಬೇಕು, 6,00,000 ಬಿಚ್ಚಿಕೊಳ್ಳಬೇಕು. ಎಸೆಯುವ ಎರಡೂ ಕೀ ತೆಗೆಯದೇ ಎಸೆದವು ಎಂದು ಗೊತ್ತಾಗಲು ‘ಸಟಲ್.ಡಿರೈವ್‌ಬಿಟ್ಸ್’ ಮೇಲೆ ಸ್ಪೈ (ಎಷ್ಟು ಸಲ ಕರೆದರು ಎಂದು ಎಣಿಸುವ ಟೆಸ್ಟ್ ಹೊದಿಕೆ) ಹಾಕಿ, ಕರೆದ ಲೆಕ್ಕ ಸೊನ್ನೆ ಎಂದು ನೋಡಿ. ‘ಡಿರೈವ್‌ಕೀ’ ಬಳಸುತ್ತಿದ್ದರೆ ಸ್ಪೈ ಅದರ ಮೇಲೆ.